ಉಸಿರಾಡುವ ಡಬ್ಬಿ

"ಅದು ನಾರ್ಮಲ್ ಸೌಂಡ್ ಮೇಡಂ."

ಈ ಮಾತನ್ನು ತಹಾನಿ ಒಂದು ವರ್ಷದಲ್ಲಿ ಎಷ್ಟು ಸಲ ಕೇಳಿದ್ದಳೆಂದರೆ, ಈಗ ಯಾರ ಬಾಯಲ್ಲಾದರೂ ನಾರ್ಮಲ್ ಎಂಬ ಪದ ಬಂದರೆ ಸಾಕು, ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಗಾಡಿ ಮಾರಿದ ಏಜೆನ್ಸಿಯವರು ಮೊದಲ ಸಲ ಹೇಳಿದಾಗ ನಂಬಿದ್ದಳು. ಎರಡನೇ ಸಲ, ಇಂಜಿನ್ ಇನ್ನೂ ತಣ್ಣಗಿದೆ, ಅದಕ್ಕೇ ಶಬ್ದ ಎಂದರು. ಮೂರನೇ ಸಲ, ಇಂಜಿನ್ ಬಿಸಿಯಾಗಿದೆ, ಅದಕ್ಕೇ ಶಬ್ದ ಎಂದರು. ನಾಲ್ಕನೇ ಸಲ, ಈ ಮಾಡೆಲ್ಲೇ ಹಾಗೆ ಎಂದರು. ಹಾಗೆಂದ ಯುವಕ, ಹೆಂಗಸರ ಕಿವಿ ಬಹಳ ಸೂಕ್ಷ್ಮ ನೋಡಿ, ಎಂದು ಹಲ್ಲು ಬೇರೆ ಕಿರಿದ. ಆ ಹಲ್ಲುಗಳು ಶೋರೂಮಿನ ನೆಲದಷ್ಟೇ ಹೊಳೆಯುತ್ತಿದ್ದವು.

ತಹಾನಿ ಆ ಗಾಡಿಯನ್ನು ಷೋಕಿಗೆ ಕೊಂಡವಳಲ್ಲ. ತಲಾಖ್ ಆದ ಮೇಲೆ ಅಪ್ಪನ ಪಾಲಿನಿಂದ ಬಂದ ಜಮೀನಿನ ತುಂಡನ್ನು ಮಾರಿ, ಏಳು ಸೀಟಿನ ಹೊಸ ಗಾಡಿ ತಂದಳು. ತನ್ನೂರು ಜಿಫ್ತಾದಲ್ಲಿರುವ ಆರು ಜನ ಟೀಚರಮ್ಮಂದಿರನ್ನು ದಿನಾ ಬೆಳಿಗ್ಗೆ ಪಕ್ಕದ ಪಟ್ಟಣ ತಂತಾದ ಶಾಲೆಗಳಿಗೆ ಬಿಟ್ಟು, ಮಧ್ಯಾಹ್ನ ವಾಪಸ್ಸು ಕರೆತರುವುದು ಅವಳ ಕೆಲಸ. ಮೈಕ್ರೋಬಸ್ಸಿನ ಸಿಗರೇಟಿನ ಹೊಗೆ, ಕಿವಿಗಡಚಿಕ್ಕುವ ಹಾಡು, ಡ್ರೈವರ್ ಬೇಕೆಂದೇ ಹಾಕುವ ಬ್ರೇಕು ಇವೆಲ್ಲ ಸಾಕಾಗಿ ಆ ಹೆಂಗಸರು ಇವಳ ಗಾಡಿ ಹತ್ತಿದ್ದರು. ಮೊದಲೆರಡು ವರ್ಷ ಗಾಡಿ ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡಿತು. ಆಮೇಲೆ ಇಂಜಿನ್ನಿನ ಹೊಟ್ಟೆಯಲ್ಲಿ ಟಕ ಟಕ ಶುರುವಾಯಿತು. ಈಗಂತೂ ಹಿಂದಿನ ಸೀಟಿನವರು ಮುಂದಿನವರ ಜೊತೆ ಕೂಗಿಯೇ ಮಾತಾಡಬೇಕು.

ಗಣಿತದ ಟೀಚರ್ ಕರೀಮಾ ಕಳೆದ ವಾರ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದಳು. "ನಡುದಾರೀಲಿ ಇದು ಕೈ ಕೊಟ್ರೆ ನಮ್ಮ ಹೆಡ್‌ಮಿಸ್‌ಗೆ ನೀನು ಬಂದು ಉತ್ತರ ಹೇಳ್ತೀಯೇನೇ? ಬರೋ ಭಾನುವಾರದೊಳಗೆ ಏನಾದ್ರೂ ದಾರಿ ಮಾಡು. ಇಲ್ಲಾಂದ್ರೆ ನಮಗೆ ಆ ದರಿದ್ರ ಮೈಕ್ರೋಬಸ್ಸೇ ಗತಿ."

ಶಾಲೆಯ ವಾರ ಶುರುವಾಗುವ ಭಾನುವಾರದ ಚಿಂತೆ ಒಂದು ಕಡೆ. ಅದಕ್ಕಿಂತ ದೊಡ್ಡ ಚಿಂತೆ ಗುರುವಾರದ್ದು. ಗುರುವಾರಕ್ಕೆ ಗಾಡಿಗೆ ಮೂರು ವರ್ಷ ತುಂಬಿ ವಾರಂಟಿ ಮುಗಿಯುತ್ತಿತ್ತು. ಅಷ್ಟರೊಳಗೆ ಏಜೆನ್ಸಿಯವರು ಇಂಜಿನ್ ಕೆಟ್ಟಿದೆ ಎಂದು ಕಾಗದದ ಮೇಲೆ ಬರೆದುಕೊಟ್ಟರೆ ರಿಪೇರಿ ಅವರ ತಲೆಗೆ. ಬರೆಯದೆ ಹೋದರೆ ಶುಕ್ರವಾರದಿಂದ ಅದು ಇವಳ ಹಣೆಬರಹ. ಇನ್ನೊಂದು ಇಂಜಿನ್ ಹಾಕಿಸುವ ತ್ರಾಣ ಅವಳಿಗಿರಲಿಲ್ಲ; ಮಾರಲು ಇನ್ನೊಂದು ತುಂಡು ಜಮೀನೂ ಇರಲಿಲ್ಲ.

ಕಸುಬುದಾರರನ್ನೆಲ್ಲ ಉಸ್ತಾ ಎಂದು ಕರೆಯುವ ಆ ಊರಲ್ಲಿ, ಎದುರು ಮನೆಯ ಮೆಕ್ಯಾನಿಕ್ ಉಸ್ತಾ ರಗಬ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದ್ದ. ಆಮೇಲೆ ಮುಖ ಹುಳ್ಳಗೆ ಮಾಡಿದ.

"ಇದಕ್ಕೆ ಎಣ್ಣೆ ಕುಡಿಸಿಲ್ಲ ತಾಯಿ. ಬಾಯಾರಿ ಸಾಯ್ತಾ ಇದೆ."

"ಆರು ಸರ್ವಿಸ್ ಆಗಿದೆ ಉಸ್ತಾ! ಪ್ರತಿ ಸಲ ಆಯಿಲ್ ಬದಲಿಸಿದೀವಿ ಅಂತ ಸೀಲ್ ಹೊಡೆದು ಕೊಟ್ಟಿದಾರೆ."

"ಸೀಲನ್ನ ಇಂಜಿನ್ ಕುಡಿಯುತ್ತಾ?" ಎಂದ ರಗಬ್. "ಬಿಚ್ಚಿ ನೋಡಿದ್ರೆ ನಿಜ ಗೊತ್ತಾಗುತ್ತೆ. ಆದ್ರೆ ನಾನು ಬಿಚ್ಚಲ್ಲ. ಹೊರಗಿನವನ ಪಾನಾ ಒಂದು ನಟ್ಟಿಗೆ ತಾಗಿದ್ರೂ ಸಾಕು, ವಾರಂಟಿ ಹೋಯ್ತು ಅಂತ ಕೈ ತೊಳ್ಕೋತಾರೆ ಆ ನನ್ಮಕ್ಳು."

ಹೀಗಾಗಿ ಮಂಗಳವಾರ ಟೀಚರಮ್ಮಂದಿರನ್ನು ಶಾಲೆಗೆ ಬಿಟ್ಟು ತಹಾನಿ ಐದನೇ ಸಲ ತಂತಾದ ಏಜೆನ್ಸಿಗೆ ಬಂದಳು. ಈ ಸಲ ತಾಯಿ ಬಹಿಯ್ಯಾ ಕೂಡ ಟೀಚರಮ್ಮಂದಿರ ನಡುವೆ ಒತ್ತಿಕೊಂಡು ಕೂತು ಬಂದಿದ್ದಳು. ಬರಬೇಡ ಎಂದರೆ ಕೇಳುವ ಪೈಕಿಯಲ್ಲ ಮುದುಕಿ. ನಾಲ್ಕು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಗಾಡಿ ಸ್ಟಾರ್ಟ್ ಆದಾಗಲೆಲ್ಲ ಕಿಟಕಿಗೆ ಬಂದು, ಆ ಟಕಟಕ ಕೇಳಿ, ತುಟಿಯಲ್ಲೇ ಏನೋ ಪಠಿಸಿ ಒಳಗೆ ಹೋಗುತ್ತಿದ್ದಳು.

ಶೋರೂಮಿನ ಹಿಂದಿನ ಭಾಗವೇ ಸರ್ವಿಸ್ ವಿಭಾಗ. ಗಿರಾಕಿಗಳು ಕಾಯುವ ಹಾಲಿಗೂ ವರ್ಕ್‌ಶಾಪಿಗೂ ನಡುವೆ ದೊಡ್ಡ ಗಾಜಿನ ಗೋಡೆ. ನಿಮ್ಮ ಗಾಡಿಗೆ ಏನು ಮಾಡುತ್ತೇವೆಂದು ನೀವೇ ನೋಡಿ ಎನ್ನುವುದು ಅದರ ಉದ್ದೇಶವಂತೆ. ಕಾಣುತ್ತಿದ್ದದ್ದು ಮಾತ್ರ ಗಾಡಿ ತೊಳೆಯುವ ಜಾಗ. ನೊರೆ, ನೀರು, ಪಳಪಳ ಹೊಳಪು. ಬಾನೆಟ್ ಎತ್ತುವ ಜಾಗ ಗೋಡೆಯ ಆಚೆ, ಮರೆಯಲ್ಲಿತ್ತು. ಹಾಲಿನಲ್ಲಿ ಎಂಟು ಹತ್ತು ಜನ ಕಾಗದದ ಲೋಟದಲ್ಲಿ ನೆಸ್ಕಫೆ ಹೀರುತ್ತಾ, ತಮ್ಮ ಗಾಡಿ ದೊಡ್ಡ ಡಾಕ್ಟರ ಕೈಯಲ್ಲಿದೆ ಎಂಬ ನಂಬಿಕೆಯಲ್ಲಿ ಮೊಬೈಲು ನೋಡುತ್ತಿದ್ದರು. ಬಹಿಯ್ಯಾ ಮೆತ್ತನೆಯ ಸೋಫಾದಲ್ಲಿ ಮಂಡಿ ಮಡಚಿ ಕೂತು, ಸೆರಗಿನ ಗಂಟಿನಿಂದ ಹುರಿದ ಕುಂಬಳಬೀಜ ತೆಗೆದು, ಸಿಪ್ಪೆಯನ್ನು ಹೊಳೆಯುವ ನೆಲದ ಮೇಲೆ ಉಗಿಯತೊಡಗಿದಳು. ಯಾವತ್ತೂ ತಡೆಯುವ ತಹಾನಿ ಇವತ್ತು ತಡೆಯಲಿಲ್ಲ. ಉಗಿಯಲಿ ಅನ್ನಿಸಿತು.

ಕೌಂಟರಿನಲ್ಲಿ ಅದೇ ಹೊಳೆಯುವ ಹಲ್ಲಿನ ಹೈಸಮ್. ಅಲ್ಲಿ ಟೈ ಕಟ್ಟಿದವರನ್ನೆಲ್ಲ ಎಂಜಿನಿಯರ್ ಸಾಹೇಬ್ರೇ ಎಂದು ಕರೆಯಬೇಕು. ಈ ಎಂಜಿನಿಯರ್ ಸಾಹೇಬನ ಉಗುರುಗಳು ಮದುವೆ ಗಂಡಿನ ಉಗುರಿನಷ್ಟು ಚೊಕ್ಕಟವಾಗಿದ್ದವು.

"ಮತ್ತೆ ಬಂದ್ರಾ ಮೇಡಂ? ಗಾಡಿ ನಮ್ಮನ್ನ ಬಿಟ್ಟಿರಲ್ಲ ಅಂತ ಕಾಣುತ್ತೆ."

"ಗುರುವಾರ ವಾರಂಟಿ ಮುಗಿಯುತ್ತೆ. ಇವತ್ತು ಶಬ್ದ ಇದೆ ಅಂತ ಬರ್ಕೊಡಿ. ಬರ್ಕೊಡೋವರ್ಗೂ ನಾನಿಲ್ಲಿಂದ ಏಳಲ್ಲ."

"ಶಬ್ದ ಇದೆ ಅಂತ ಬರೆಯೋಕೆ ಅದು ಕೆಟ್ಟ ಶಬ್ದ ಆಗಿರ್ಬೇಕಲ್ಲ ಮೇಡಂ! ನಾರ್ಮಲ್ ಸೌಂಡನ್ನ ಕಂಪ್ಯೂಟರ್ ತಗೊಳ್ಳಲ್ಲ." ಅವನು ಪರದೆಯನ್ನು ಇವಳ ಕಡೆ ತಿರುಗಿಸಿದ. "ನೀವೇ ನೋಡಿ. ಆರು ಸರ್ವಿಸ್, ಆರಕ್ಕೂ ಸೀಲು. ಪ್ರತಿ ಸಲಾನೂ ಇಂಜಿನ್ ಆಯಿಲ್ ಬದಲಿಸಿದೆ, ಆಯಿಲ್ ಫಿಲ್ಟರ್ ಬದಲಿಸಿದೆ, ಏರ್ ಫಿಲ್ಟರ್ ಬದಲಿಸಿದೆ. ಮಗು ಥರ ಸಾಕಿದೀವಿ ನಿಮ್ಮ ಗಾಡೀನ. ಇಷ್ಟಾದ ಮೇಲೂ ಶಬ್ದ ಬಂದ್ರೆ ಓಡಿಸೋರ ಕಾಲನ್ನ ನೋಡ್ಬೇಕಾಗುತ್ತೆ."

ತಹಾನಿಯ ಕಿವಿ ಬಿಸಿಯಾಯಿತು. ಸುಳ್ಳು ಹೇಳಿದರೂ ಸಹಿಸಬಹುದು. ಸುಳ್ಳು ಹೇಳಿ ಮೇಲಿಂದ ನಗುವವನನ್ನು ನೋಡಿದರೆ ಮೈಮೇಲೆ ಹುಳ ಹರಿದ ಹಾಗಾಗುತ್ತದೆ. ಅವಳು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ತಾಯಿಯ ದನಿ ಬಂತು.

"ಏನಪ್ಪಾ ಅದು, ಏರು ಪಿಲ್ಟ್ರು ಅಂದ್ರೆ?"

"ಗಾಡಿಗೆ ಗಾಳಿ ಹೋಗುತ್ತಲ್ಲ ಅಜ್ಜಿ, ಆ ಕರಿ ಡಬ್ಬಿ. ಅದರೊಳಗಿರೋ ಜರಡಿ."

"ಉಸಿರಾಡೋ ಡಬ್ಬಿ?"

"ಹ್ಞಾ, ಹಾಗೇ ಅಂದ್ಕೊಳ್ಳಿ."

"ಆರು ಸಲ ತೆಗ್ದಿದೀರಾ ಅದನ್ನ?"

"ಆರು ಸಲ."

"ಜರಡಿ ಎತ್ತಿ, ಬ್ಯಾರೇದು ಮಡ್ಗಿದೀರಾ?"

"ಮಡ್ಗಿದೀವಿ ಅಜ್ಜಿ. ಹೊಸಾದು. ಪ್ಯಾಕ್ ಒಡ್ದು."

ಬಹಿಯ್ಯಾ ಎದ್ದು ನಿಂತಳು. ಮಡಿಲಲ್ಲಿದ್ದ ಕುಂಬಳಬೀಜವೆಲ್ಲ ನೆಲದ ಪಾಲಾಯಿತು. "ಹಂಗಾರೆ ನನ್ ತಾಯ್ತ ಎಲ್ಲೋ ಹಾಕುದ್ರಿ, ಹಾಳಾದೋರಾ! ಅದುಕ್ಕೇ ನನ್ ಮಗಳ ಗಾಡಿ ಹಿಂಗೆ ನರಳ್ತಾ ಐತೆ. ನಾಕು ದಿನದಿಂದ ಅಂದ್ಕೊತಾನೇ ಇವ್ನಿ, ಯಾರೋ ಅದನ್ನ ಎತ್ತಿ ಬಿಸಾಕವ್ರೆ ಅಂತ. ತಂದ್ಕೊಡು! ಈಗ್ಲೇ ತಂದ್ಕೊಡು!"

ಹಾಲಿನಲ್ಲಿದ್ದವರೆಲ್ಲ ಮೊಬೈಲಿನಿಂದ ತಲೆ ಎತ್ತಿದರು. ತಹಾನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹೊಸ ಗಾಡಿ ಮನೆಗೆ ಬಂದ ದಿನ ತಾಯಿ, ದೃಷ್ಟಿ ತಾಗದಿರಲೆಂದು ಕುರಿ ಕೊಯ್ಯಿಸಿ, ನೆತ್ತರಲ್ಲಿ ಅಂಗೈ ಅದ್ದಿ ಬಾನೆಟ್ಟಿನ ಮೇಲೆ ಐದು ಬೆರಳೂ ಮೂಡುವಂತೆ ಒತ್ತಿದ್ದಳು. ತಹಾನಿ ಅದೇ ಸಂಜೆ ಪೈಪು ಹಿಡಿದು ತೊಳೆದು ಹಾಕಿದ್ದಳು. ಟೀಚರಮ್ಮಂದಿರು ನೋಡಿದರೆ ಏನೆಂದಾರು ಎಂಬ ನಾಚಿಕೆ. ತಾಯಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ತಾನಾಗಿ ನಗುನಗುತ್ತಾ ಚಹಾ ತಂದುಕೊಟ್ಟಾಗ, ಕೋಪ ಇಳಿಯಿತು ಎಂದಷ್ಟೇ ತಹಾನಿ ತಿಳಿದಿದ್ದಳು.

"ಏನಮ್ಮಾ ನೀನು ಮಾಡಿದ್ದು?" ಎಂದು ಹಲ್ಲು ಕಚ್ಚಿ ಕೇಳಿದಳು.

"ನೀನು ಕೈ ಗುರ್ತು ತೊಳ್ದಾಕುದ್ಯಲ್ಲ, ಅದುಕ್ಕೆ ನಿನ್ ಕೈಗೆ ಸಿಗದ ಕಡೆ ಮಡ್ಗುದೆ. ಇದು ಉಸಿರಾಡೋದು ಎಲ್ಲಿಂದ್ಲಾ ಅಂತ ರಗಬನ್ನ ಕೇಳ್ದೆ. ಎರಡು ಕೊಕ್ಕೆ ಎತ್ತಿ ಡಬ್ಬಿ ತೋರುಸ್ದ. ಅವನ್ನ ಚಾ ಕುಡಿಯಾಕೆ ಕಳ್ಸಿ, ಜರಡಿ ಕೆಳ್ಗೆ ಮಡ್ಗುದೆ. ಉಪ್ಪು, ಕರಿಜೀರಿಗೆ, ಏಳು ನೀಲಿ ಮಣಿ, ಶೇಖ್ ಬರ್ಕೊಟ್ಟ ಚೀಟಿ. ಕೆಂಪು ಬಟ್ಟೇಲಿ ಕಟ್ಟಿ."

ಹಾಲಿನಲ್ಲಿದ್ದವರೆಲ್ಲ ನಕ್ಕರು. ಬೆಳ್ಳಿ ಕಟ್ಟಿನ ಕನ್ನಡಕ ಹಾಕಿದ್ದ ಒಬ್ಬ ದೊಡ್ಡ ಮನುಷ್ಯನಂತೂ ಕಣ್ಣೀರು ಒರೆಸಿಕೊಂಡ. "ಇಂಜಿನ್ನಿಗೆ ಮಂತ್ರ ಹಾಕ್ಸಿದಾರೆ! ಇನ್ನು ಶಬ್ದ ಬರದೇ ಇನ್ನೇನು, ಜಿನ್ನು ಹಾಡ್ತಾ ಇರುತ್ತೆ!"

ಹೈಸಮ್ ಮಾತ್ರ ನಗಲಿಲ್ಲ. ಅವನ ಹಲ್ಲುಗಳು ತುಟಿಯ ಹಿಂದೆ ಅಡಗಿದವು. ತಹಾನಿ ಅದನ್ನು ನೋಡಿದಳು. ನಾಚಿಕೆಯ ಬಿಸಿ ಅಲ್ಲೇ ಆರಿತು. ಬೇರೇನೋ ತಲೆ ಎತ್ತಿತು.

"ಎಂಜಿನಿಯರ್ ಸಾಹೇಬ್ರೇ, ಆರು ಸಲ ಜರಡಿ ಎತ್ತಿದೀರಲ್ಲ. ಕೆಂಪು ಗಂಟು ಸಿಕ್ಕಿರ್ಬೇಕಲ್ಲ?"

"ಅದು... ಹುಡುಗರು ಕಸ ಅಂತ ತೆಗೆದಿರ್ತಾರೆ ಮೇಡಂ."

"ತೆಗೆದಿದ್ರೆ ಇಲ್ಲ. ತೆಗೆಯದೇ ಇದ್ರೆ ಇದೆ. ಬನ್ನಿ, ನೋಡೋಣ."

"ಗಿರಾಕಿಗಳು ಒಳಗೆ ಬರೋ ಹಾಗಿಲ್ಲ..."

ಅಷ್ಟರಲ್ಲಿ ಬಹಿಯ್ಯಾ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿಯಾಗಿತ್ತು. ತಾಯಿಯ ಹಿಂದೆ ಮಗಳು, ಮಗಳ ಹಿಂದೆ ಹೈಸಮ್, ಅವನ ಹಿಂದೆ ತಮಾಷೆ ನೋಡಲು ಹಾಲಿನಲ್ಲಿದ್ದವರೆಲ್ಲ. ತಹಾನಿಯ ಗಾಡಿಯ ಪಕ್ಕ ದಿಯಾಬ್ ಎಂಬ ವಯಸ್ಸಾದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ.

"ಅಪ್ಪಾ, ಆ ಉಸಿರಾಡೋ ಡಬ್ಬಿ ತೆಗಿ," ಎಂದಳು ಮುದುಕಿ.

ದಿಯಾಬ್ ಹೈಸಮ್‌ನ ಮುಖ ನೋಡಿದ. ಹೈಸಮ್ ಕಣ್ಣಲ್ಲೇ ಬೇಡ ಎಂದ. ದಿಯಾಬ್ ಮತ್ತೆ ಮುದುಕಿಯ ಮುಖ ನೋಡಿದ. ಅವನಿಗೂ ಒಬ್ಬ ತಾಯಿ ಇದ್ದಳೇನೋ, ಕೊಕ್ಕೆ ಎತ್ತಿಬಿಟ್ಟ.

ಡಬ್ಬಿಯೊಳಗಿನ ಜರಡಿ ಕಾಗದದ್ದು, ಬಿಳಿಯದಾಗಿರಬೇಕು. ಅಲ್ಲಿದ್ದದ್ದು ಎಮ್ಮೆಯ ಚರ್ಮದ ಬಣ್ಣದ ಏನೋ ಒಂದು. ಮೂರು ವರ್ಷದ ಖಮ್ಸೀನ್ ಮರಳುಗಾಳಿಯ ಮಣ್ಣು, ಸತ್ತ ಮಿಡತೆ, ಹತ್ತಿಯ ಎಳೆ, ಒಂದು ಗುಬ್ಬಿ ಪುಕ್ಕ. ದಿಯಾಬ್ ಅದನ್ನು ಎತ್ತಿದಾಗ ಮಣ್ಣು ಬುರಬುರನೆ ಉದುರಿತು. ಅದರ ಕೆಳಗೆ, ಇಟ್ಟ ಜಾಗದಲ್ಲೇ, ಕೆಂಪು ಗಂಟು ತಣ್ಣಗೆ ಮಲಗಿತ್ತು.

"ಅಯ್ಯೋ ನನ್ ಬಂಗಾರ!" ಬಹಿಯ್ಯಾ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. "ಇಲ್ಲೇ ಐತೆ ನೋಡವ್ವ! ಯಾರೂ ಮುಟ್ಟೇ ಇಲ್ಲ!"

"ಹೌದಮ್ಮಾ," ಎಂದಳು ತಹಾನಿ. "ಯಾರೂ ಮುಟ್ಟೇ ಇಲ್ಲ."

ಈಗ ಯಾರೂ ನಗಲಿಲ್ಲ. ಗದ್ದಲ ಕೇಳಿ ಮ್ಯಾನೇಜರ್ ಶೌಕತ್ ಬೇ ಬಂದ. ಸೆಂಟಿನ ವಾಸನೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಬಂತು. ವಿಷಯ ಕೇಳಿ, ಒಂದು ಗಳಿಗೆ ಯೋಚಿಸಿ, ಮುಖದ ಮೇಲೆ ಮರುಕ ತಂದುಕೊಂಡ. ಆ ಮರುಕಕ್ಕಿಂತ ಹೈಸಮ್‌ನ ಹಲ್ಲೇ ವಾಸಿ ಅನ್ನಿಸಿತು ತಹಾನಿಗೆ.

"ಮೇಡಂ, ನೋಡಿ ಎಂಥಾ ಕೆಲಸ ಆಗಿದೆ. ಇಂಜಿನ್ನಿನ ಗಾಳಿ ದಾರೀಲಿ ಹೊರಗಿನ ವಸ್ತು ಇಟ್ಟಿದೀರಿ. ಶಬ್ದಕ್ಕೆ ಇದೇ ಕಾರಣ. ನಿಯಮದ ಪ್ರಕಾರ ವಾರಂಟಿ ಇಲ್ಲಿಗೇ ಮುಗೀತು. ಆದ್ರೂ ತಾಯಿ ವಯಸ್ಸಾದೋರು, ಪಾಪ. ತಪ್ಪು ನಿಮ್ಮದೇ ಅಂತ ಒಂದು ಸಹಿ ಹಾಕಿ. ನಾವು ಏನೋ ಸ್ವಲ್ಪ ಸಹಾಯ ಮಾಡೋಣ."

ಬಹಿಯ್ಯಾಳ ಮುಖ ಬಿಳಿಚಿತು. "ನನ್ನಿಂದ್ಲೇನಪ್ಪಾ? ನಾನೇ ಕೆಡುಸ್ಬುಟ್ನಾ?" ಅವಳು ಮಗಳ ಕಡೆ ತಿರುಗಿದಳು. "ಸೈನು ಹಾಕ್ಬುಡವ್ವ. ನನ್ ತಲೆ ಮ್ಯಾಲೆ ಹಾಕು. ಬೇಕಾರೆ ನಾನೇ ಹೆಬ್ಬೆಟ್ಟು ಒತ್ತೀನಿ."

ಆ ಕ್ಷಣ ತಹಾನಿಗೆ ಬಂದದ್ದು ಬರೀ ಕೋಪವಲ್ಲ, ಹೇಸಿಗೆ. ಕೊಳೆತದ್ದನ್ನು ಮುಟ್ಟಿದ ಮೇಲೆ ಸೋಪು ಹಾಕಿ ಉಜ್ಜಿದರೂ ಹೋಗದ ಹೇಸಿಗೆ. ಮೂರು ವರ್ಷ ಕೆಲಸ ಮಾಡದೆ ಸೀಲು ಹೊಡೆದವನು, ಓದು ಬಾರದ ಮುದುಕಿಯ ಹೆಬ್ಬೆಟ್ಟಿನಲ್ಲಿ ತನ್ನ ಕೊಳೆ ಒರೆಸಿಕೊಳ್ಳಲು ನಿಂತಿದ್ದ.

"ಗಂಟು ಈಗ ನಮ್ಮಮ್ಮನ ಕೈಲಿದೆ," ಎಂದಳು. "ಉಸ್ತಾ, ಇಂಜಿನ್ ಸ್ಟಾರ್ಟ್ ಮಾಡಿ."

ದಿಯಾಬ್ ಕೀಲಿ ತಿರುಗಿಸಿದ. ಟಕ ಟಕ ಟಕ ಟಕ. ಎಂದಿನಂತೆಯೇ, ಬೇಕಾದರೆ ಎಂದಿಗಿಂತ ಜೋರಾಗಿ.

"ಆಫ್ ಮಾಡಿ. ಈಗ ಆಯಿಲ್ ಫಿಲ್ಟರ್ ತೋರ್ಸಿ. ಅದನ್ನೂ ಆರು ಸಲ ಬದಲಿಸಿದಾರಂತೆ."

ಶೌಕತ್ ಬೇ, "ದಿಯಾಬ್!" ಎಂದು ಗದರಿದ. ಆದರೆ ಮುದುಕ ಆಗಲೇ ಗಾಡಿಯನ್ನು ಮೇಲೆತ್ತಿ ಅದರಡಿಗೆ ಹೋಗಿದ್ದ. ಬಿಚ್ಚಿ ತಂದು ಬೆಳಕಿಗೆ ಹಿಡಿದ. ಕಾರ್ಖಾನೆಯಲ್ಲಿ ಬಿಗಿಮಾಡಿದಾಗ ಎಳೆದ ಹಳದಿ ಗೀಟು ಅದರ ಮೇಲೆ ಹಾಗೇ ಇತ್ತು. ಒಳಗಿನಿಂದ ಬಂದದ್ದು ಎಣ್ಣೆಯಲ್ಲ, ಕಬ್ಬಿನ ಪಾಕದ ಹಾಗೆ ನೂಲು ನೂಲಾಗಿ ಇಳಿಯುವ ಕರಿ ಅಂಟು.

"ಹೊಸಾದು ಕೊಟ್ರೆ ತಾನೇ ನಾವು ಹಾಕೋದು," ಎಂದ ದಿಯಾಬ್, ಯಾರ ಮುಖವನ್ನೂ ನೋಡದೆ. "ಮೂರು ವರ್ಷದಿಂದ ಸ್ಟೋರಿಂದ ಬರೋದು ಕಾಗದ ಮಾತ್ರ. ಕಡಿಮೆಯಾದಷ್ಟು ಆಯಿಲ್ ಸುರಿ, ಗಾಡಿ ಚೆನ್ನಾಗಿ ತೊಳಿ, ಸೆಂಟ್ ಹೊಡಿ, ಕಳ್ಸು ಅಂತಾರೆ."

ಬೆಳ್ಳಿ ಕಟ್ಟಿನ ಕನ್ನಡಕದವನು ನಿಧಾನವಾಗಿ ಹೇಳಿದ, "ನಂದೂ ತೆಗೀರಿ."

"ಸಾರ್, ನಿಮ್ಮದು ಬೇರೆ..."

"ತೆಗಿಯೋ, ನಿನ್ನ!"

ಅವನ ಡಬ್ಬಿಯಲ್ಲಿ ಇಲಿಯೊಂದು ಸಂಸಾರ ಹೂಡಿತ್ತು. ಸೀಟಿನ ಸ್ಪಂಜು, ಒಣಹುಲ್ಲು, ಸಾಸಿವೆಯಂತೆ ಹರಡಿದ ಹಿಕ್ಕೆ. ಆ ಮನುಷ್ಯ ಕಳೆದ ತಿಂಗಳಷ್ಟೇ ಹೊಸ ಫಿಲ್ಟರ್ ಹಾಕಿಸಿಕೊಂಡಿದ್ದನಂತೆ, ಸೀಲು ಸಮೇತ. ಅವನು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಇನ್ನೊಬ್ಬಾಕೆ ತನ್ನ ಗಾಡಿಯ ಬಾನೆಟ್ ತಾನೇ ಎತ್ತಿದಳು. ಅರ್ಧ ಗಂಟೆಯಲ್ಲಿ ವರ್ಕ್‌ಶಾಪಿನಲ್ಲಿದ್ದ ಗಾಡಿಗಳೆಲ್ಲ ಬಾಯಿ ಕಳೆದು ನಿಂತವು. ಒಂದೊಂದರ ಬಾಯಿಂದಲೂ ಮಣ್ಣು ಉದುರಿತು. ಕೂಗಾಟ ರಸ್ತೆಗೆ ಕೇಳಿಸಿ, ಆಚೆಯ ಚಹಾ ಅಂಗಡಿಯವರೂ ಬಂದು ಸೇರಿದರು. ಯಾರೋ ಗ್ರಾಹಕರ ರಕ್ಷಣಾ ಕಚೇರಿಗೆ ಫೋನು ಹಚ್ಚಿದರು. ಶೌಕತ್ ಬೇ ಎಲ್ಲರ ಕೈ ಹಿಡಿದು, ಕೂತ್ಕೊಳ್ಳಿ, ತಣ್ಣಗೆ ಏನಾದ್ರೂ ಕುಡೀರಿ, ನಾವೆಲ್ಲ ಒಂದೇ ಮನೆಯವರಲ್ವಾ ಎನ್ನುತ್ತಿದ್ದ.

"ನಾನು ನಿಮ್ಮನೆಯವಳಲ್ಲ," ಎಂದಳು ತಹಾನಿ. "ಬರೀರಿ."

ಅವನು ಬರೆದ. ಇಂಜಿನ್ನಿನಲ್ಲಿ ದೋಷವಿದೆ, ಅದು ವಾರಂಟಿಯೊಳಗೆ ಬರುತ್ತದೆ, ಪೂರ್ತಿ ಬದಲಿಸಿ ಕೊಡುತ್ತೇವೆ. ತಾರೀಕು ಮಂಗಳವಾರದ್ದು. ತಹಾನಿ ಒಂದೊಂದೇ ಅಕ್ಷರ ಓದಿ, ಹೊರಗಿನ ವಸ್ತು ಎಂಬ ಮಾತು ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಾಗದ ಮಡಚಿ ಚೀಲಕ್ಕೆ ಹಾಕಿದಳು. ಗೆದ್ದೆ ಎಂಬ ಖುಷಿ ಬರಲಿಲ್ಲ. ಅಲ್ಲಿಂದ ಹೊರಬಂದು ಮೊದಲು ಮಾಡಿದ ಕೆಲಸ, ಚಹಾ ಅಂಗಡಿಯ ನಲ್ಲಿಯಲ್ಲಿ ಕೈ ತೊಳೆದದ್ದು.

ಹೊಸ ಇಂಜಿನ್ ಬರಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಟೀಚರಮ್ಮಂದಿರು ಇಬ್ಬರ ಜಾಗದಲ್ಲಿ ಮೂವರಾಗಿ ಒತ್ತಿಕೊಂಡು ರಗಬ್‌ನ ಮೂವತ್ತು ವರ್ಷದ ಹಳೇ ಡಬ್ಬಾ ಗಾಡಿಯಲ್ಲಿ ಓಡಾಡಿದರು. ಅದರ ಒಂದು ಬಾಗಿಲನ್ನು ಹಗ್ಗದಲ್ಲಿ ಕಟ್ಟಿತ್ತು. ಇಂಜಿನ್ ಮಾತ್ರ ಒಂದು ಸದ್ದೂ ಮಾಡುತ್ತಿರಲಿಲ್ಲ. ಏಜೆನ್ಸಿಯಲ್ಲಿ ಯಾರಿಗೇನಾಯಿತು ಎಂದು ಕೇಳಿದರೆ ಮೈ ಉರಿಯುತ್ತದೆ. ಶೌಕತ್ ಬೇಗೆ ಕೈರೋದ ದೊಡ್ಡ ಶಾಖೆಗೆ ಬಡ್ತಿ ಸಿಕ್ಕಿತು. ಹೈಸಮ್ ಕೌಂಟರಿನಲ್ಲೇ ಉಳಿದ. ಕೆಲಸ ಹೋದದ್ದು ದಿಯಾಬ್‌ಗೆ. ತಹಾನಿಯ ಗಾಡಿಗೆ ಇಂಜಿನ್ ಇಳಿಸಿದ್ದೇ ಅಲ್ಲಿ ಅವನ ಕೊನೆಯ ಕೆಲಸ. ಈಗ ಅವನು ಜಿಫ್ತಾಕ್ಕೆ ಬಂದು ರಗಬ್‌ನ ಜೊತೆ ಸೇರಿಕೊಂಡಿದ್ದಾನೆ.

ಹೊಸ ಇಂಜಿನ್ ಹಾಕಿಸಿಕೊಂಡು ಗಾಡಿ ಮನೆಗೆ ಬಂದ ದಿನ ಬಹಿಯ್ಯಾ ಕೆಂಪು ಗಂಟು ಹಿಡಿದು, ಮಗಳ ಹಿಂದೆ ಮುಂದೆ ಸುಳಿದಾಡಿದಳು, ಕೇಳಲು ಧೈರ್ಯವಿಲ್ಲದೆ. ತಹಾನಿ ತಾನೇ ಕೈ ಚಾಚಿದಳು. "ಕೊಡಮ್ಮಾ ಇಲ್ಲಿ." ಎರಡು ಕೊಕ್ಕೆ ಎತ್ತಿ, ಬಿಳಿಯ ಹೊಸ ಜರಡಿಯ ಕೆಳಗೆ ಗಂಟನ್ನು ಇಟ್ಟಳು. ಆ ಹೊತ್ತಿಗೆ ಅಲ್ಲೇ ಇದ್ದ ಕರೀಮಾ ಟೀಚರ್, ಮಕ್ಕಳ ನೋಟ್‌ಬುಕ್ ತಿದ್ದುವ ಕೆಂಪು ಪೆನ್ನು ತೆಗೆದು ಜರಡಿಯ ಅಂಚಿಗೆ ಒಂದು ರೈಟ್ ಗುರುತು ಹಾಕಿ, ಕೆಳಗೆ ಸಹಿಯನ್ನೂ ಮಾಡಿದಳು. "ಯಾತಕ್ಕೂ ಇರ್ಲಿ," ಎಂದಳು.

ನಾಲ್ಕು ತಿಂಗಳಿಗೆ ಹೊಸ ಇಂಜಿನ್ನಿನ ಮೊದಲ ಸರ್ವಿಸ್. ಅಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಹೊಸ ಇಂಜಿನ್ನಿನ ವಾರಂಟಿಯೂ ಹೋಗುತ್ತದೆ. ಬೇರೆ ದಾರಿಯಿರಲಿಲ್ಲ. ತಾಯಿಯೂ ಜೊತೆಗೆ ಹೊರಟಳು. ಹೈಸಮ್ ಅಜ್ಜಿಯನ್ನು ಬಾಗಿಲಿಗೇ ಬಂದು ಎದುರುಗೊಂಡ, ಸೋಫಾದಲ್ಲಿ ಕೂರಿಸಿದ, ತಾನೇ ಚಹಾ ತಂದುಕೊಟ್ಟ. ಎರಡು ಗಂಟೆ ಕಳೆದ ಮೇಲೆ ತೊಳೆದು ಹೊಳೆಯುವ ಗಾಡಿ, ಕೈಗೊಂದು ಪಟ್ಟಿ. ಆಯಿಲ್ ಬದಲಿಸಿದೆ. ಆಯಿಲ್ ಫಿಲ್ಟರ್ ಬದಲಿಸಿದೆ. ಏರ್ ಫಿಲ್ಟರ್ ಬದಲಿಸಿದೆ. ಕೆಳಗೆ ನೀಲಿ ಸೀಲು.

ತಹಾನಿ ಗೇಟು ದಾಟುವ ಮುಂಚೆಯೇ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದಳು. ಕೊಕ್ಕೆ ಬಿಡಿಸಿ ಜರಡಿಯನ್ನು ಹೊರಗೆಳೆದಳು. ಮಡಿಕೆ ಮಡಿಕೆಯಲ್ಲೂ ನಾಲ್ಕು ತಿಂಗಳ ಮಣ್ಣು. ಅಂಚಿನಲ್ಲಿ ಕೆಂಪು ರೈಟ್ ಗುರುತು, ಕರೀಮಾಳ ಸಹಿ.

ಕೆಳಗೆ ಗಂಟು ಇತ್ತು. ಅದನ್ನು ಮಾತ್ರ ಎತ್ತಿದ್ದರು. ಎತ್ತಿ, ಧೂಳು ಒರೆಸಿ, ಸಡಿಲವಾಗಿದ್ದ ದಾರವನ್ನು ಬಿಗಿಯಾಗಿ ಕಟ್ಟಿ, ಗಾಡಿಗೆ ಹೊಡೆಯುವ ಸೆಂಟನ್ನೇ ಒಂಚೂರು ಹೊಡೆದು, ಡಬ್ಬಿಯ ನಟ್ಟನಡುವೆ ನೇರವಾಗಿ ಇಟ್ಟಿದ್ದರು.

ಬಹಿಯ್ಯಾ ಬಗ್ಗಿ ನೋಡಿ, ಮೂಸಿ, ಮುಖವರಳಿಸಿದಳು. "ಅಯ್ಯೋ ದ್ಯಾವ್ರೇ ಅನ್ನಂಗೆ ಮಾಡವ್ರಲ್ಲವ್ವ! ಎಷ್ಟು ಮರ್ವಾದೆಯಿಂದ ಮಡ್ಗವ್ರೆ ನೋಡು. ಬುದ್ಧಿ ಬಂದೈತೆ ಪಾಪ ಹುಡುಗ್ರಿಗೆ."

ತಹಾನಿ ಜರಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಣ್ಣು ಉದುರಿಸುತ್ತಲೇ ಗಾಜಿನ ಬಾಗಿಲು ದಾಟಿ, ಹೊಳೆಯುವ ನೆಲದ ಮೇಲೆ ನಡೆದು, ನೇರ ಕೌಂಟರಿಗೆ ಬಂದಳು. ಹೈಸಮ್ ತಲೆ ಎತ್ತಿ ಹಲ್ಲು ತೋರಿಸಿದ. ಅವಳು ಜರಡಿಯನ್ನು ಎತ್ತಿ ಅವನ ಕಂಪ್ಯೂಟರಿನ ಮೇಲೆ ಬಡಿದಳು. ಮಣ್ಣಿನ ಮೋಡ ಎದ್ದು ಅವನ ಬಿಳಿ ಅಂಗಿ, ಟೈ, ಹಲ್ಲಿನ ಮೇಲೆ ಕೂತಿತು. ಮತ್ತೊಮ್ಮೆ ಬಡಿದಳು. ಹಾಲಿನಲ್ಲಿದ್ದವರು ಬೆಚ್ಚಿ ಎದ್ದು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದಳು ತಹಾನಿ, ಮೂರನೇ ಸಲಕ್ಕೆ ಕೈ ಎತ್ತುತ್ತಾ. "ಇದು ನಾರ್ಮಲ್ ಸೌಂಡು."